ಚೀತ್ಕಾರವೂ ಗಾನವೂ: ಅಲೆಕ್ಸಿಸ್‌ಆನ್‌ಫೈರ್ ತಂಡದ ಪ್ರಥಮ ಧ್ವನಿಮುದ್ರಿಕೆ

1

ಕ್ರೌಂಚವಧೆಯನ್ನು ಕಂಡ ಆದಿಕವಿಯ ಶೋಕವೇ ಶ್ಲೋಕವಾಗಿ ಪರಿಣಮಿಸಿತೆಂಬ ಮಾತು ನಮ್ಮ ಅಲಂಕಾರಶಾಸ್ತ್ರದಲ್ಲಿ ಸುಪ್ರಸಿದ್ಧವಾದುದು. ಆನಂದವರ್ಧನನಿಂದ ಮೊದಲ್ಗೊಂಡು ಇಂದಿನ ಕಾಲೇಜು ಉಪನ್ಯಾಸದವರೆಗೆ, ಕಲೆಯ ಹುಟ್ಟನ್ನು ವಿವರಿಸಬೇಕಾದಾಗಲೆಲ್ಲ ಈ ಪ್ರಸಂಗವನ್ನು ನೆನೆಯುವುದು ವಾಡಿಕೆಯಾಗಿದೆ. ಹಸಿಯಾದ ನೋವು ನೇರವಾಗಿ ಕಲೆಯಾಗಲಾರದು. ಅದು ಪಾಕಗೊಳ್ಳಬೇಕು, ಲಯಕ್ಕೆ ಒಳಪಡಬೇಕು, ಆಗ ಮಾತ್ರವೇ ಸಹೃದಯನಿಗೆ ಆಸ್ವಾದ್ಯವಾಗುತ್ತದೆ ಎಂಬುದು ಇದರ ಇಂಗಿತ. ಈ ತತ್ತ್ವವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಇದನ್ನು ಹೇಳುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲು ಮರೆಯುತ್ತೇವೆ. ಶೋಕವು ಶ್ಲೋಕವಾದ ಮೇಲೆ ಆ ಮೊದಲಿನ ಕೂಗು ಏನಾಯಿತು? ಸಂಗಾತಿಯನ್ನು ಕಳೆದುಕೊಂಡ ಹೆಣ್ಣುಹಕ್ಕಿಯ ಆರ್ತನಾದ ಛಂದಸ್ಸಿನೊಳಗೆ ಕರಗಿಹೋಯಿತೆ? ಅಥವಾ ಛಂದಸ್ಸಿನ ಹೊರಗೆ, ಮೊದಲಿದ್ದಂತೆಯೇ ಉಳಿಯಿತೆ?

ಈ ಪ್ರಶ್ನೆ ನಮ್ಮಲ್ಲಿ ಎದ್ದುದು ಕಾವ್ಯವನ್ನು ಓದುವಾಗಲ್ಲ. ಕೆನಡ ದೇಶದ ಐವರು ಯುವಕರು 2002ರಲ್ಲಿ ಹೊರತಂದ ಒಂದು ಧ್ವನಿಮುದ್ರಿಕೆಯನ್ನು ಕೇಳುವಾಗ. ಅವರ ತಂಡದ ಹೆಸರು ಅಲೆಕ್ಸಿಸ್‌ಆನ್‌ಫೈರ್. ಅವರ ಮೊದಲ ಆಲ್ಬಮಿನ ಹೆಸರೂ ಅದೇ. ಈ ಹನ್ನೊಂದು ಹಾಡುಗಳಲ್ಲಿ ಒಬ್ಬ ಗಾಯಕ ಗಂಟಲು ಹರಿಯುವಂತೆ ಚೀರುತ್ತಾನೆ. ಇನ್ನೊಬ್ಬ ಅದೇ ಹಾಡಿನಲ್ಲಿ, ಹಲವು ಸಲ ಅದೇ ಕ್ಷಣದಲ್ಲಿ, ಶ್ರುತಿಶುದ್ಧವಾಗಿ ಇಂಪಾಗಿ ಹಾಡುತ್ತಾನೆ. ಶೋಕವೂ ಶ್ಲೋಕವೂ ಇಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ; ಒಂದು ಇನ್ನೊಂದಾಗಿ ಪರಿಣಮಿಸಿಲ್ಲ.

ಇಂಥ ಸಂಗೀತವನ್ನು ವಿಶ್ವವಿದ್ಯಾನಿಲಯದ ಪತ್ರಿಕೆಯೊಂದರಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವರು ಕೇಳಬಹುದು. ಚೀರುವುದು ಕಲೆಯಲ್ಲ, ಅದು ಕಲೆಯ ಅಭಾವ ಎಂಬ ಅಭಿಪ್ರಾಯ ನಮ್ಮ ಅಧ್ಯಾಪಕವರ್ಗದಲ್ಲಿ ಸಾಮಾನ್ಯವಾಗಿದೆ. ಇದಕ್ಕೆ ಪ್ರತಿಯಾಗಿ, ಇದನ್ನು ಪ್ರೀತಿಯಿಂದ ಕೇಳುವ ವಿದ್ಯಾರ್ಥಿಗಳು ತಮ್ಮ ಮೆಚ್ಚುಗೆಗೆ ಕಾರಣವನ್ನು ಕೇಳಿದರೆ, ಅದು ಮನಸ್ಸಿಗೆ ತಾಕುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಒಬ್ಬರು ಕೇಳದೆಯೇ ತೀರ್ಪು ಕೊಡುತ್ತಾರೆ, ಇನ್ನೊಬ್ಬರು ಕೇಳಿಯೂ ತೀರ್ಪು ಕೊಡಲೊಲ್ಲರು. ಈ ಎರಡರ ನಡುವೆ ವಿಮರ್ಶೆಗೆ ಕೆಲಸವಿದೆಯೆಂದು ನಂಬಿ ಪ್ರಕೃತ ಲೇಖನವನ್ನು ಬರೆಯುತ್ತಿದ್ದೇವೆ.

2

ಪೋಸ್ಟ್‌ಹಾರ್ಡ್‌ಕೋರ್ ಎಂಬುದು ಹೆಸರೇ ಹೇಳುವಂತೆ ಹಾರ್ಡ್‌ಕೋರಿನ ಅನಂತರ ಬಂದುದು. ಆದುದರಿಂದ ಮೊದಲು ಹಾರ್ಡ್‌ಕೋರಿನ ಸ್ವರೂಪವನ್ನು ತಿಳಿಯಬೇಕು. 1980ರ ಸುಮಾರಿಗೆ ಅಮೆರಿಕದ ವಾಷಿಂಗ್ಟನ್ ನಗರದಲ್ಲಿಯೂ ಕ್ಯಾಲಿಫೋರ್ನಿಯದಲ್ಲಿಯೂ ಬೆಳೆದ ಈ ಸಂಗೀತದಲ್ಲಿ ಹಾಡುಗಳು ಅತಿ ಚಿಕ್ಕವು, ಅತಿ ವೇಗದವು. ಹಾಡುಗಾರಿಕೆಯ ಬದಲು ಕೂಗು. ಇಯಾನ್ ಮಕಾಯ್ ಅವರ ಮೈನರ್ ಥ್ರೆಟ್ ತಂಡವನ್ನು ಇದಕ್ಕೆ ಉದಾಹರಣೆಯಾಗಿ ಕೊಡಬಹುದು. ಅಲ್ಲಿಯ ಕೂಗು ಹೊರಮುಖವಾದುದು: ಸಮಾಜದ ಕಡೆಗೆ, ಎದುರಾಳಿಯ ಕಡೆಗೆ, ಸಭೆಯಲ್ಲಿ ನಿಂತ ಗೆಳೆಯರ ಕಡೆಗೆ ತಿರುಗಿದುದು. ಅದು ಘೋಷಣೆಗೆ ಹತ್ತಿರ. ಎಲ್ಲರೂ ಸೇರಿ ಕೂಗಬಹುದಾದ ಕೂಗು ಅದು.

1985ರಲ್ಲಿ ಅದೇ ವಾಷಿಂಗ್ಟನ್ನಿನ ರೈಟ್ಸ್ ಆಫ್ ಸ್ಪ್ರಿಂಗ್ ಎಂಬ ತಂಡ ಹೊರತಂದ ಧ್ವನಿಮುದ್ರಿಕೆಯಲ್ಲಿ ಈ ಕೂಗು ಒಳಮುಖವಾಯಿತು. ಗೀ ಪಿಚ್ಚಿಯೋಟೊ ಅವರ ಕಂಠದಲ್ಲಿ ಸಮಾಜದ ಮೇಲಣ ಸಿಟ್ಟಿನ ಸ್ಥಾನವನ್ನು ಸ್ವಂತದ ನೋವು ಆಕ್ರಮಿಸಿತು; ಘೋಷಣೆ ನಿವೇದನೆಯಾಯಿತು. ಎಲ್ಲರೂ ಸೇರಿ ಕೂಗುವುದಕ್ಕೆ ಬರುವಂತಹುದಲ್ಲ ಇದು. ಒಬ್ಬನು ಒಡೆದುಹೋಗುತ್ತಿರುವುದನ್ನು ಉಳಿದವರು ನಿಂತು ನೋಡುವಂತಹುದು. ಮುಂದೆ ಮಕಾಯ್ ಮತ್ತು ಪಿಚ್ಚಿಯೋಟೊ ಇಬ್ಬರೂ ಫುಗಾಜಿ ತಂಡದಲ್ಲಿ ಕೂಡಿದರು. ವೇಗವನ್ನು ತಗ್ಗಿಸಿ, ಮೌನಕ್ಕೆ ಎಡೆಗೊಟ್ಟು, ಸದ್ದಿನ ಏರಿಳಿತವನ್ನೇ ರಚನೆಯ ಆಧಾರವಾಗಿ ಮಾಡಿಕೊಂಡ ಆ ತಂಡದ ಕೆಲಸದಿಂದ ಪೋಸ್ಟ್‌ಹಾರ್ಡ್‌ಕೋರ್ ಎಂಬ ಹೆಸರಿಗೆ ಖಚಿತವಾದ ಅರ್ಥ ಬಂದಿತು.

ಅಲ್ಲಿಂದ ಮುಂದಿನ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಸ್ವೀಡನ್ನಿನ ರೆಫ್ಯೂಸ್ಡ್ ತಂಡ 1998ರಲ್ಲಿ, ಟೆಕ್ಸಾಸಿನ ಅಟ್ ದ ಡ್ರೈವ್‌ಇನ್ ತಂಡ 2000ದಲ್ಲಿ ಹೊರತಂದ ಧ್ವನಿಮುದ್ರಿಕೆಗಳು ಈ ಮಾರ್ಗವನ್ನು ದೂರದೂರಕ್ಕೆ ಪರಿಚಯಿಸಿದವು. ನಮ್ಮ ವಿಷಯಕ್ಕೆ ಹೆಚ್ಚು ಸಮೀಪದ ಪೂರ್ವಜರು ಕೆನಡದ ಆಂಟೇರಿಯೊ ಪ್ರಾಂತದ ಬರ್ಲಿಂಗ್ಟನ್ ಊರಿನ ಗ್ರೇಡ್ ಎಂಬ ತಂಡದವರು. 1990ರ ದಶಕದಲ್ಲಿಯೇ ಅವರು ಚೀತ್ಕಾರವನ್ನೂ ಮಧುರಗಾನವನ್ನೂ ಒಂದೇ ಹಾಡಿನಲ್ಲಿ ಕೂಡಿಸಿದ್ದರು. ಹೀಗಿರಲಾಗಿ 2002ರ ಹೊತ್ತಿಗೆ ಈ ಮಿಶ್ರಣ ಹೊಸತೇನೂ ಆಗಿರಲಿಲ್ಲ. ಆ ವರ್ಷದ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಫಿಂಚ್ ತಂಡದ, ಜೂನಿನಲ್ಲಿ ಯೂಟಾ ರಾಜ್ಯದ ದ ಯೂಸ್ಡ್ ತಂಡದ ಮೊದಲ ಆಲ್ಬಮುಗಳು ಬಂದಿದ್ದವು. ಎರಡರಲ್ಲಿಯೂ ಚೀರು ಮತ್ತು ಹಾಡು ಬೆರೆತಿದ್ದವು. ಅಕ್ಟೋಬರಿನಲ್ಲಿ ಬಂದ ಅಲೆಕ್ಸಿಸ್‌ಆನ್‌ಫೈರ್ ತಂಡದ ಕೃತಿಗೆ ಬೆಲೆ ಬರುವುದು ಮಿಶ್ರಣ ಮಾಡಿದುದರಿಂದಲ್ಲ, ಮಿಶ್ರಣ ಮಾಡಿದ ರೀತಿಯಿಂದ.

3

ತಂಡದ ಊರು ಸೇಂಟ್ ಕ್ಯಾಥರಿನ್ಸ್. ಅದು ಆಂಟೇರಿಯೊ ಸರೋವರದ ದಕ್ಷಿಣ ತೀರದಲ್ಲಿ, ನಯಾಗರ ಜಲಪಾತಕ್ಕೂ ಅಮೆರಿಕದ ಗಡಿಗೂ ಸಮೀಪದಲ್ಲಿದೆ. ಸುತ್ತ ದ್ರಾಕ್ಷಿ ಮತ್ತು ಹಣ್ಣಿನ ತೋಟಗಳು. ನಡುವೆ ಹಡಗುಗಳು ಹಾಯುವ ವೆಲ್ಯಾಂಡ್ ಕಾಲುವೆ. ಬಹುಕಾಲ ಊರಿಗೆ ಅನ್ನ ಕೊಟ್ಟ ಮೋಟಾರು ಕಾರ್ಖಾನೆ. ಟೊರಾಂಟೊ ಮಹಾನಗರದ ವೈಭವ ಸರೋವರದ ಆಚೆ ದಡದಲ್ಲಿದೆ, ಇಲ್ಲಿಯದು ಮಧ್ಯಮ ಗಾತ್ರದ ಊರಿನ ಬದುಕು. ಇಂಥ ಊರಿನಲ್ಲಿ 2001ರ ಕೊನೆಯಲ್ಲಿ ಈ ತಂಡ ಹುಟ್ಟಿತು. ಚೀತ್ಕಾರ ಜಾರ್ಜ್ ಪೆಟಿಟ್ ಅವರದು. ಮಧುರಗಾನ ಮತ್ತು ಗಿಟಾರ್ ಡಾಲಸ್ ಗ್ರೀನ್ ಅವರದು. ಇನ್ನೊಂದು ಗಿಟಾರ್ ಮತ್ತು ಹಿಮ್ಮೇಳದ ಕಂಠ ವೇಡ್ ಮಕ್ನೀಲ್ ಅವರದು. ಕ್ರಿಸ್ ಸ್ಟೀಲ್ ಬೇಸ್ ಗಿಟಾರನ್ನೂ ಜೆಸ್ಸಿ ಇಂಗೆಲೆವಿಕ್ಸ್ ಡ್ರಮ್ಮುಗಳನ್ನೂ ನುಡಿಸಿದರು. ಧ್ವನಿಮುದ್ರಿಕೆ ಹೊರಬಂದಾಗ ಇವರೆಲ್ಲ ಇಪ್ಪತ್ತರ ಆಸುಪಾಸಿನವರು. ಪ್ರಕಾಶಕರು ಡಿಸ್ಟಾರ್ಟ್ ಎಂಬ ಕೆನಡದ ಸಂಸ್ಥೆಯವರು.

ಮುಖಪುಟದ ಚಿತ್ರದಿಂದಲೇ ವಿಚಾರವನ್ನು ಆರಂಭಿಸಬಹುದು. ಶಾಲೆಯ ಸಮವಸ್ತ್ರ ತೊಟ್ಟ ಇಬ್ಬರು ಹುಡುಗಿಯರು ಚಾಕು ಹಿಡಿದು ಪರಸ್ಪರ ಹೋರಾಡುತ್ತಿದ್ದಾರೆ. ಕ್ಯಾಥೊಲಿಕ್ ಶಾಲೆಯ ಇಬ್ಬರು ಬಾಲೆಯರು ಚಾಕು ಕಾಳಗ ನಡೆಸುತ್ತಿರುವಾಗ ಏಳುವ ಸದ್ದು ತಮ್ಮ ಸಂಗೀತ ಎಂದು ತಂಡದವರು ತಮ್ಮನ್ನು ಬಣ್ಣಿಸಿಕೊಂಡಿದ್ದರು. ಆ ಮಾತಿನ ಮೂಲ ಈ ಆಲ್ಬಮಿನ ‘ಎ ಡ್ಯಾಗರ್ ಥ್ರೂ ದ ಹಾರ್ಟ್ ಆಫ್ ಸೇಂಟ್ ಏಂಜಲಿಸ್’ ಎಂಬ ನಾಲ್ಕನೆಯ ಹಾಡಿನಲ್ಲಿದೆ. ತಮಾಷೆಯಾಗಿ ಆಡಿದ ಈ ಮಾತಿನಲ್ಲಿ ಒಂದು ವಿಮರ್ಶಾಸೂತ್ರ ಅಡಗಿದೆಯೆಂದು ನಮಗೆ ತೋರುತ್ತದೆ. ಕಾಳಗದಲ್ಲಿರುವ ಇಬ್ಬರದೂ ಒಂದೇ ಉಡುಪು, ಒಂದೇ ಶಾಲೆ, ಒಂದೇ ವಯಸ್ಸು. ಒಬ್ಬಳು ಒಳ್ಳೆಯವಳು, ಇನ್ನೊಬ್ಬಳು ಕೆಟ್ಟವಳು ಎಂದು ಚಿತ್ರದಿಂದ ಹೇಳಲಾಗುವುದಿಲ್ಲ. ಈ ಧ್ವನಿಮುದ್ರಿಕೆಯ ಎರಡು ಕಂಠಗಳ ಸಂಬಂಧವೂ ಹಾಗೆಯೇ ಇದೆ. ಒಂದು ಸುರ, ಒಂದು ಅಸುರ ಎಂಬ ವಿಭಾಗ ಇಲ್ಲಿ ನಡೆಯದು.

4

ಎರಡು ಕಂಠಗಳ ಸ್ವಭಾವವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಹಾಡುವಾಗ ಸ್ವರತಂತುಗಳು ಒಂದೇ ಕ್ರಮದಲ್ಲಿ ಕಂಪಿಸುತ್ತವೆ. ಅದು ಕಾರಣ ನಿಶ್ಚಿತವಾದ ಶ್ರುತಿ ಹುಟ್ಟುತ್ತದೆ. ಚೀರುವಾಗ ಆ ಕ್ರಮ ಒಡೆಯುತ್ತದೆ. ಸ್ವರತಂತುಗಳ ಮೇಲ್ಗಡೆಯ ಮಡಿಕೆಗಳೂ ಹಲವು ವೇಳೆ ಕಂಪನದಲ್ಲಿ ಸೇರಿಕೊಳ್ಳುತ್ತವೆ. ಆಗ ಶ್ರುತಿ ನಿಲ್ಲುವುದಿಲ್ಲ, ಸದ್ದು ಗರಗರನೆ ಒರಟಾಗುತ್ತದೆ. ಲ್ಯೂಕ್ ಆರ್ನಾಲ್ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮನುಷ್ಯನ ಚೀತ್ಕಾರದ ಈ ಒರಟುತನವನ್ನೇ ಪರಿಶೀಲಿಸಿದೆ. ಸದ್ದಿನ ಪ್ರಮಾಣ ಸೆಕೆಂಡಿಗೆ 30ರಿಂದ 150 ಸಲದವರೆಗೆ ಏರಿಳಿಯುವುದು ಚೀತ್ಕಾರದ ಲಕ್ಷಣವೆಂದೂ, ಸಾಮಾನ್ಯ ಮಾತು ಈ ವ್ಯಾಪ್ತಿಯನ್ನು ಬಳಸುವುದಿಲ್ಲವೆಂದೂ, ಅಪಾಯಸೂಚಕ ಗಂಟೆಗಳಲ್ಲಿ ಇದೇ ಗುಣವಿದೆಯೆಂದೂ ಅವರು ತೋರಿಸಿದ್ದಾರೆ. ಎಂದರೆ ಚೀತ್ಕಾರ ಅರ್ಥವಾಗುವುದಕ್ಕೆ ಮೊದಲೇ ಎಚ್ಚರಿಸುತ್ತದೆ; ಏನು ಹೇಳಿತೆಂದು ತಿಳಿಯುವ ಮುನ್ನವೇ ಕೇಳುಗನ ಗಮನ ಅದರ ವಶವಾಗಿರುತ್ತದೆ.

ಕಂಠದ ವಿಕಾರದಿಂದ ಅರ್ಥ ಬೇರೆಯಾಗುವುದನ್ನು ನಮ್ಮ ಪ್ರಾಚೀನರು ಕಾಕು ಎಂದು ಕರೆದರು. ಭರತನು ನಾಟ್ಯಶಾಸ್ತ್ರದಲ್ಲಿ ಕಾಕುವನ್ನು ಸಾಕಾಂಕ್ಷ, ನಿರಾಕಾಂಕ್ಷ ಎಂದು ಎರಡಾಗಿ ವಿಂಗಡಿಸಿದ್ದಾನೆ. ಹೇಳಿದ ಮಾತಿನ ಅರ್ಥ ಪೂರ್ಣವಾಗದೆ ಇನ್ನೇನನ್ನೋ ಬಯಸುತ್ತಿದ್ದರೆ ಅದು ಸಾಕಾಂಕ್ಷ. ಅರ್ಥ ಅಲ್ಲಿಗೇ ಮುಗಿದು ನೆಮ್ಮದಿಗೊಂಡಿದ್ದರೆ ನಿರಾಕಾಂಕ್ಷ. ನಾಟಕದ ಮಾತಿಗಾಗಿ ಹುಟ್ಟಿದ ಈ ವಿಂಗಡಣೆಯನ್ನು ಇಷ್ಟು ದೂರದ ಸಂಗೀತಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಕೇಳುವ ಕಿವಿಗೆ ಅದು ಒಂದು ಸಾಧನವನ್ನು ಒದಗಿಸುತ್ತದೆ. ಗ್ರೀನ್ ಅವರ ಹಾಡಿನ ಸಾಲು ಶ್ರುತಿಯಲ್ಲಿ ನೆಲೆಗೊಳ್ಳುತ್ತದೆ, ಮುಗಿಯುತ್ತದೆ. ಪೆಟಿಟ್ ಅವರ ಸಾಲಿಗೆ ನೆಲೆಯಾಗಬಲ್ಲ ಸ್ವರವೇ ಇಲ್ಲ. ಉಸಿರು ಮುಗಿದಾಗ ಅದು ನಿಲ್ಲುತ್ತದೆ, ಮುಗಿಯುವುದಿಲ್ಲ. ಒಂದು ನಿರಾಕಾಂಕ್ಷ, ಇನ್ನೊಂದು ಸಾಕಾಂಕ್ಷ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಚೀತ್ಕಾರ ಕ್ರೋಧದ ಅನುಭಾವ, ಇಂಪಾದ ಹಾಡು ಶೋಕದ ಅಥವಾ ರತಿಯ ಅನುಭಾವ. ಆದುದರಿಂದ ಈ ಸಂಗೀತವೆಂದರೆ ರೌದ್ರಕ್ಕೆ ಕರುಣವನ್ನು ಅಂಟಿಸಿದುದು, ಅಷ್ಟೇ ಎಂದು. ಈ ಪ್ರಕಾರದ ಹಲವು ತಂಡಗಳ ಮಟ್ಟಿಗೆ ಇದು ನಿಜವೇ ಇರಬಹುದು. ಆದರೆ ಪೆಟಿಟ್ ಅವರ ಕಂಠವನ್ನು ಗಮನವಿಟ್ಟು ಕೇಳಬೇಕು. ಹೆವಿ ಮೆಟಲ್ ಸಂಗೀತದ ಕೆಲವು ಕವಲುಗಳಲ್ಲಿ ಕೇಳಬರುವ, ಎದೆಯಾಳದಿಂದ ಬಂದು ಹೆದರಿಸುವ ಗುಡುಗು ಇದಲ್ಲ. ಇದು ಎತ್ತರದ ಸ್ಥಾಯಿಯಲ್ಲಿ ಹರಿದುಹೋಗುವ, ಇನ್ನೇನು ಒಡೆದು ನಿಂತುಬಿಡುವುದೋ ಎನ್ನಿಸುವ ದನಿ. ಬಲವುಳ್ಳವನ ಗರ್ಜನೆಗಿಂತ ಬಲ ಸಾಲದವನ ಕೂಗಿಗೆ ಇದು ಹತ್ತಿರ. ಗ್ರೀನ್ ಅವರ ಹಾಡಿನಲ್ಲಿಯಾದರೋ ಒಂದು ಬಗೆಯ ಸ್ಥೈರ್ಯವಿದೆ. ನೋವನ್ನು ದೂರದಲ್ಲಿಟ್ಟು ನೋಡಬಲ್ಲವನ ದನಿ ಅದು. ಹಾಗಾಗಿ ಶೋಕದ ಹಸಿತನ ಚೀತ್ಕಾರದಲ್ಲಿಯೂ ಅದರ ಪರಿಪಾಕ ಗಾನದಲ್ಲಿಯೂ ಇದೆ. ಸ್ಥಾಯಿಭಾವ ಎರಡಕ್ಕೂ ಒಂದೇ ಎಂದು ನಾವು ಭಾವಿಸುತ್ತೇವೆ.

ಕನ್ನಡ ಓದುಗರಿಗೆ ಈ ಸಂದರ್ಭದಲ್ಲಿ ಯಕ್ಷಗಾನದ ನೆನಪಾಗುವುದು ಸಹಜ. ಅಲ್ಲಿಯೂ ಭಾಗವತರು ಹಾಡುತ್ತಾರೆ, ಬಣ್ಣದ ವೇಷ ಅಬ್ಬರಿಸುತ್ತದೆ. ಆದರೆ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ರಕ್ಕಸನ ಅಬ್ಬರ ಪಾತ್ರಕ್ಕೆ ಸೇರಿದುದು. ವೇಷ ಕಳಚಿದೊಡನೆ ಅದೂ ಕಳಚುತ್ತದೆ. ಪೆಟಿಟ್ ಅವರಿಗೆ ವೇಷವೂ ಇಲ್ಲ, ಪಾತ್ರವೂ ಇಲ್ಲ. ಅವರು ದಿನನಿತ್ಯದ ಉಡುಪಿನಲ್ಲಿ ನಿಂತು ಸ್ವಂತ ಹೆಸರಿನಲ್ಲಿ ಚೀರುತ್ತಾರೆ. ಈ ಕಲೆಯಲ್ಲಿ ಕೇಳುಗನಿಗೆ ಆಗುವ ಸಂಕೋಚಕ್ಕೂ ಅದರ ಶಕ್ತಿಗೂ ಇದೇ ಕಾರಣ.

5

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಮೇಲೆ ಹೆಸರಿಸಿದ ಫಿಂಚ್ ಮತ್ತು ದ ಯೂಸ್ಡ್ ತಂಡಗಳಲ್ಲಿ ಚೀರುವವನೂ ಹಾಡುವವನೂ ಪ್ರಧಾನವಾಗಿ ಒಬ್ಬನೇ. ಅಲೆಕ್ಸಿಸ್‌ಆನ್‌ಫೈರ್ ತಂಡದಲ್ಲಿ ಇಬ್ಬರು. ಈ ವ್ಯತ್ಯಾಸ ಕೇವಲ ಅನುಕೂಲಕ್ಕೆ ಸಂಬಂಧಿಸಿದುದಲ್ಲ, ಅರ್ಥಕ್ಕೆ ಸಂಬಂಧಿಸಿದುದು.

ಒಂದೇ ಕಂಠ ಎರಡನ್ನೂ ಮಾಡುವಾಗ ಅವುಗಳ ನಡುವೆ ಕಾಲದ ಅಂತರ ಬರಲೇಬೇಕು. ಮೊದಲು ಹಾಡಿ ಆಮೇಲೆ ಚೀರಬಹುದು. ಚೀರಿ ಆಮೇಲೆ ಹಾಡಬಹುದು. ಎರಡನ್ನೂ ಒಟ್ಟಿಗೆ ಮಾಡುವುದು ಮುದ್ರಣಶಾಲೆಯ ಉಪಾಯಗಳಿಂದ ಸಾಧ್ಯವೇ ಹೊರತು ರಂಗದ ಮೇಲೆ ಸಾಧ್ಯವಿಲ್ಲ. ಆದುದರಿಂದ ಅಂಥ ಹಾಡು ಸಹಜವಾಗಿಯೇ ಕಥನದ ರೂಪವನ್ನು ತಾಳುತ್ತದೆ. ತಾಳ್ಮೆಯಿದ್ದವನು ತಾಳ್ಮೆಗೆಟ್ಟನು, ಅಥವಾ ತಾಳ್ಮೆಗೆಟ್ಟವನು ಸಮಾಧಾನಗೊಂಡನು ಎಂಬುದು ಆ ಕಥೆ. ಚರಣದಲ್ಲಿ ಚೀರಿ ಪಲ್ಲವಿಯಲ್ಲಿ ಹಾಡುವ ಕ್ರಮ ಈ ಪ್ರಕಾರದಲ್ಲಿ ಮುಂದೆ ಸಿದ್ಧಸೂತ್ರವಾಯಿತು. ಈ ಸೂತ್ರದಲ್ಲಿ ಪಲ್ಲವಿಯ ಇಂಪು ಕೇಳುಗನಿಗೆ ಸಿಗುವ ಬಹುಮಾನ: ಇಷ್ಟು ಹೊತ್ತು ಸಹಿಸಿದೆಯಲ್ಲ, ಇಗೋ ಇಂಪು ಎಂಬಂತೆ. ಪ್ರತಿ ಪಲ್ಲವಿಯೂ ನೋವಿಗೆ ಕೊಟ್ಟ ಪರಿಹಾರವಾಗುತ್ತದೆ. ಹಾಡಿಗೆ ಮೂರು ಸಲ ಪರಿಹಾರ ದೊರೆತರೆ ಆ ನೋವು ಎಷ್ಟರದೆಂದು ಸಂಶಯ ಬರುತ್ತದೆ.

ಕಂಠಗಳು ಎರಡಾದಾಗ ಇನ್ನೊಂದು ದಾರಿ ತೆರೆಯುತ್ತದೆ: ಎರಡೂ ಏಕಕಾಲದಲ್ಲಿ ನಡೆಯಬಹುದು. ಈ ಧ್ವನಿಮುದ್ರಿಕೆಯ ಶ್ರೇಷ್ಠ ಕ್ಷಣಗಳೆಲ್ಲ ಅಂಥವು. ಮೊದಲ ಹಾಡಾದ ‘.44 ಕ್ಯಾಲಿಬರ್ ಲವ್ ಲೆಟರ್’ನಿಂದ ಕೊನೆಯ ‘ಪಲ್ಮನರಿ ಆರ್ಚರಿ’ಯವರೆಗೆ, ಇಬ್ಬರೂ ಬೇರೆಬೇರೆ ಮಾತುಗಳನ್ನು ಒಂದೇ ಹೊತ್ತಿನಲ್ಲಿ ಹೇಳುವ ಎಡೆಗಳನ್ನು ನಾವು ಮತ್ತೆಮತ್ತೆ ಕೇಳುತ್ತೇವೆ. ಆಗ ಯಾರ ಮಾತೂ ಪೂರ್ತಿ ಕೇಳಿಸುವುದಿಲ್ಲ. ಕಿವಿ ಹಾಡಿನ ಕಡೆ ವಾಲಿದರೆ ಚೀತ್ಕಾರ ಹಿನ್ನೆಲೆಯಾಗುತ್ತದೆ, ಚೀತ್ಕಾರದ ಕಡೆ ತಿರುಗಿದರೆ ಹಾಡು ದೂರದ ಮನೆಯೊಂದರಿಂದ ಕೇಳಿಬರುವಂತಾಗುತ್ತದೆ. ಕೇಳುಗನೇ ಆಯಬೇಕು, ಆಯ್ದಾಗ ಒಂದನ್ನು ಕಳೆದುಕೊಳ್ಳಬೇಕು.

ಇದರ ತಾತ್ಪರ್ಯವೇನು? ಸಂಕಟದಲ್ಲಿರುವವನ ಹತ್ತಿರ ಸಮಾಧಾನ ಹೇಳುವವನೊಬ್ಬ ಕುಳಿತಿದ್ದಾನೆಂದು ಭಾವಿಸೋಣ. ಸಿದ್ಧಸೂತ್ರದ ಹಾಡಿನಲ್ಲಿ ಇವನ ಮಾತು ಮುಗಿದ ಮೇಲೆ ಅವನು ಮಾತನಾಡುತ್ತಾನೆ; ಇವನು ಕೇಳುತ್ತಾನೆ; ಸಂಕಟ ಇಳಿಯುತ್ತದೆ. ಅನುಭವದಲ್ಲಿ ಹಾಗಾಗುವುದು ಅಪೂರ್ವ. ಸಮಾಧಾನದ ಮಾತು ಬರುವುದು ಅಳು ನಿಂತ ಮೇಲಲ್ಲ, ಅಳು ನಡೆಯುತ್ತಿರುವಾಗಲೇ. ಅಳುವವನಿಗೆ ಅದು ಕೇಳಿಸುವುದಿಲ್ಲ. ಕೇಳಿಸದೆಂದು ತಿಳಿದೂ ಹೇಳುವವನು ಹೇಳುತ್ತಲೇ ಇರುತ್ತಾನೆ. ಸಾವಿನ ಮನೆಗೆ ಹೋಗಿ ಬಂದವರೆಲ್ಲರಿಗೂ ಇದು ಗೊತ್ತು. ಎರಡು ಕಂಠಗಳ ಏಕಕಾಲಿಕತೆಯಿಂದ ಈ ಧ್ವನಿಮುದ್ರಿಕೆ ಅಂಥ ಸ್ಥಿತಿಯನ್ನು ನಾದದಲ್ಲಿಯೇ ಕಟ್ಟಿಕೊಡುತ್ತದೆ. ಇಲ್ಲಿ ಗಾನವು ಚೀತ್ಕಾರಕ್ಕೆ ಉತ್ತರವಲ್ಲ, ಅದರ ಸಂಗಾತಿ. ಸಾಕಾಂಕ್ಷವಾದ ಕೂಗಿನ ಆಕಾಂಕ್ಷೆಯನ್ನು ನಿರಾಕಾಂಕ್ಷವಾದ ಹಾಡು ಪೂರೈಸುವುದಿಲ್ಲ. ಅದರ ಬಳಿ ಇರುತ್ತದೆ.

ಗಿಟಾರುಗಳ ನಡೆಯೂ ಇದಕ್ಕೆ ಪೋಷಕವಾಗಿದೆ. ಗ್ರೀನ್ ಮತ್ತು ಮಕ್ನೀಲ್ ಇಬ್ಬರೂ ಒಂದೇ ಸ್ವರಸಮೂಹವನ್ನು ದಟ್ಟವಾಗಿ ಮೀಟುವುದಕ್ಕಿಂತ ಹೆಚ್ಚಾಗಿ ಎರಡು ಪ್ರತ್ಯೇಕ ಎಳೆಗಳನ್ನು ಹೆಣೆಯುತ್ತಾರೆ. ರಚನೆಗಳು ಚರಣ–ಪಲ್ಲವಿಗಳ ಕಟ್ಟನ್ನು ಅಷ್ಟಾಗಿ ಪಾಲಿಸುವುದಿಲ್ಲ. ಒಂದು ಭಾಗ ಮುಗಿದು ಇನ್ನೊಂದು ಬರುತ್ತದೆ, ಹಿಂದಿನದು ಮರಳುವುದೆಂಬ ಭರವಸೆಯಿಲ್ಲ. ಇದು ಅನನುಭವದ ಫಲವೂ ಆಗಿರಬಹುದು. ಹೊಸ ತಂಡದವರು ತಮಗೆ ಹೊಳೆದುದನ್ನೆಲ್ಲ ಒಂದೇ ಹಾಡಿನಲ್ಲಿ ತುಂಬುವುದುಂಟು. ಆದರೆ ಫಲ ಮಾತ್ರ ಒಳ್ಳೆಯದಾಗಿದೆ. ಪಲ್ಲವಿ ಬಾರದ ಕಡೆ ಪರಿಹಾರವೂ ಬಾರದು.

6

ಗುಣವನ್ನು ಹೇಳಿದ ಮೇಲೆ ದೋಷವನ್ನು ಮರೆಮಾಚುವುದು ವಿಮರ್ಶಕನ ಧರ್ಮವಲ್ಲ. ಈ ಕೃತಿಯಲ್ಲಿ ದೋಷಗಳು ಸಣ್ಣವೇನಲ್ಲ.

ಮೊದಲನೆಯದಾಗಿ, ಶಬ್ದಚಾಪಲ್ಯ. ಹಾಡುಗಳ ಹೆಸರುಗಳನ್ನೇ ನೋಡಬಹುದು. ‘ಪೋಲರಾಯ್ಡ್ಸ್ ಆಫ್ ಪೋಲರ್ ಬೇರ್ಸ್’ ಎಂಬಲ್ಲಿ ತಕ್ಷಣ ಮುದ್ರಿಸುವ ಛಾಯಾಚಿತ್ರಕ್ಕೂ ಹಿಮಕರಡಿಗೂ ಇರುವ ನಂಟು ಪ್ರಾಸದ್ದು ಮಾತ್ರ. ‘ಕೌಂಟರ್‌ಪಾರ್ಟ್ಸ್ ಅಂಡ್ ನಂಬರ್ ದೆಮ್’ ಎಂಬುದು ಶ್ಲೇಷ. ‘ಕೌಂಟರ್‌ಪಾರ್ಟ್ಸ್’ ಎಂದರೆ ಪರಸ್ಪರ ಜೊತೆಯಾದವರು, ಆದರೆ ಮುಂದಿನ ಪದಗಳೊಡನೆ ಕೂಡಿ ಅದು ಭಾಗಗಳನ್ನು ಎಣಿಸಿ ಸಂಖ್ಯೆ ಹಾಕು ಎಂಬಂತೆಯೂ ಕೇಳಿಸುತ್ತದೆ. ‘.44 ಕ್ಯಾಲಿಬರ್ ಲವ್ ಲೆಟರ್’ ಪಿಸ್ತೂಲಿನ ಗುಂಡಿನ ಅಳತೆಗೆ ಪ್ರೇಮಪತ್ರವನ್ನು ಬೆಸೆದುದು. ಇವುಗಳಲ್ಲಿ ಕೆಲವು ಚಮತ್ಕಾರದ ಆಚೆಗೆ ಹೋಗುವುದಿಲ್ಲ. ಆದರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ‘ಪಲ್ಮನರಿ ಆರ್ಚರಿ’ ಎಂದರೆ ಶ್ವಾಸಕೋಶದ ಬಿಲ್ಲುವಿದ್ಯೆ. ಉಸಿರನ್ನು ಬಾಣವಾಗಿ ಕಾಣುವ ಈ ರೂಪಕ ಚೀರುವವನ ಕೆಲಸಕ್ಕೆ ನೇರವಾಗಿ ಒಪ್ಪುತ್ತದೆ: ಎದೆಯಲ್ಲಿ ಎಳೆದು ಹಿಡಿದುದನ್ನು ಒಮ್ಮೆ ಬಿಟ್ಟ ಮೇಲೆ ಹಿಂದಕ್ಕೆ ಕರೆಯಲಾಗದು. ಚಮತ್ಕಾರವೇ ಅರ್ಥವಾದ ಕಡೆ ನಾವು ಮೆಚ್ಚಬೇಕು.

ಎರಡನೆಯದು ಇನ್ನೂ ಗಂಭೀರವಾದುದು. ಮುಖಪುಟದಲ್ಲಿ ಹೋರಾಡುವವರು ಇಬ್ಬರು ಹುಡುಗಿಯರು. ಒಳಗೆ ಕೇಳುವ ಕಂಠಗಳೆಲ್ಲ ಗಂಡಸರವು. ತಮ್ಮ ಸದ್ದಿಗೆ ಉಪಮಾನವಾಗಿ ಹೆಣ್ಣುಮಕ್ಕಳ ಹೋರಾಟವನ್ನು ಎರವಲು ತಂದ ಈ ಯುವಕರು ಆ ಹೆಣ್ಣುಮಕ್ಕಳಿಗೆ ಒಂದು ಮಾತನ್ನೂ ಕೊಟ್ಟಿಲ್ಲ. ಇದು ಈ ತಂಡವೊಂದರ ದೋಷವಲ್ಲ. ಆ ಕಾಲದ ಇಡೀ ಮಾರ್ಗದ ದೋಷ. 2003ರಲ್ಲಿ ಜೆಸ್ಸಿಕಾ ಹಾಪರ್ ಅವರು ‘ಪಂಕ್ ಪ್ಲಾನೆಟ್’ ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಇದನ್ನೇ ಕುರಿತದ್ದು. ಒಳಮುಖವಾದ ಈ ಸಂಗೀತದಲ್ಲಿ ಹೆಣ್ಣು ನೋವು ಕೊಟ್ಟವಳಾಗಿ ಮಾತ್ರ ಬರುತ್ತಾಳೆ, ಅವಳಿಗೂ ಒಂದು ಮನಸ್ಸು ಇರುವುದೆಂಬ ಅರಿವು ಹಾಡುಗಳಲ್ಲಿ ಕಾಣದು ಎಂಬುದು ಆ ಲೇಖನದ ಆರೋಪದ ಸಾರ. ಈ ಆರೋಪವನ್ನು ನಾವು ಒಪ್ಪುತ್ತೇವೆ. ನೋವನ್ನು ಗಟ್ಟಿಯಾಗಿ ಹೇಳಬಲ್ಲ ಸಾಮರ್ಥ್ಯ ಬೇರೆ, ಇನ್ನೊಬ್ಬರ ನೋವನ್ನು ಕೇಳಬಲ್ಲ ಸಾಮರ್ಥ್ಯ ಬೇರೆ. ನಾದರಚನೆಯಲ್ಲಿ ಒಬ್ಬರ ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿದ ಈ ತಂಡ, ಸಾಹಿತ್ಯದಲ್ಲಿ ಆ ಔದಾರ್ಯವನ್ನು ಸಾಧಿಸಲಿಲ್ಲ. ಕ್ರೌಂಚದ ಪ್ರಸಂಗದಲ್ಲಿಯೂ ಕೂಗಿದವಳು ಹೆಣ್ಣುಹಕ್ಕಿ, ಶ್ಲೋಕ ಮುನಿಯದು ಎಂಬುದನ್ನು ಇಲ್ಲಿ ನೆನೆಯಬಹುದು.

ಮೂರನೆಯದಾಗಿ, ಧ್ವನಿಮುದ್ರಣದ ಒರಟು. ವಾದ್ಯಗಳು ಕೆಲವೆಡೆ ಒಂದರ ಮೇಲೊಂದು ಬಿದ್ದು ಎಳೆಗಳು ಮಸುಕಾಗುತ್ತವೆ. ಇದನ್ನು ನಾವು ದೊಡ್ಡ ದೋಷವೆಂದು ಎಣಿಸುವುದಿಲ್ಲ.

7

ಕೃತಿಯೊಂದರ ಸ್ವರೂಪ ಅದರ ಮುಂದಿನ ಚರಿತ್ರೆಯಿಂದಲೂ ಸ್ಪಷ್ಟವಾಗುವುದುಂಟು. ತಂಡದ ಎರಡನೆಯ ಆಲ್ಬಮ್ ‘ವಾಚ್ ಔಟ್!’ 2004ರಲ್ಲಿ ಬಂದಿತು. ಮರುವರ್ಷ ಕೆನಡದ ಜೂನೊ ಪ್ರಶಸ್ತಿಗಳಲ್ಲಿ ವರ್ಷದ ಹೊಸ ತಂಡವೆಂಬ ಮನ್ನಣೆ ದೊರೆಯಿತು. 2006ರ ‘ಕ್ರೈಸಿಸ್’ ಕೆನಡದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇ ಬಂದು ನಿಂತಿತು. ಕೌಶಲದಲ್ಲಿ ಇವು ಮೊದಲನೆಯದನ್ನು ಮೀರಿದವೆಂಬುದರಲ್ಲಿ ಸಂದೇಹವಿಲ್ಲ. ಪಲ್ಲವಿಗಳು ಗಟ್ಟಿಯಾದವು, ಭಾಗಗಳು ತಮ್ಮತಮ್ಮ ಸ್ಥಾನದಲ್ಲಿ ಕುಳಿತವು, ಮಕ್ನೀಲ್ ಅವರ ಮೂರನೆಯ ಕಂಠ ಎರಡರ ನಡುವೆ ಸೇತುವೆಯಾಯಿತು. ಆದರೆ ಕೆಲಸ ಹೀಗೆ ಅಚ್ಚುಕಟ್ಟಾಗಿ ಹಂಚಿಕೆಯಾದಂತೆಲ್ಲ ಎರಡು ದನಿಗಳು ಒಂದನ್ನೊಂದು ತಡೆಯುವ, ತುಳಿಯುವ, ಆದರೂ ಬಿಟ್ಟುಹೋಗದ ಆ ಮೊದಲಿನ ಅವ್ಯವಸ್ಥೆ ಕಡಮೆಯಾಯಿತು. ಮೊದಲ ಕೃತಿಯೇ ಶ್ರೇಷ್ಠವೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಅದರಲ್ಲಿ ಇದ್ದುದೊಂದು ಮುಂದಿನವುಗಳಲ್ಲಿ ಅಷ್ಟು ಪ್ರಮಾಣದಲ್ಲಿ ಇಲ್ಲ ಎಂದಷ್ಟೇ ಹೇಳುತ್ತೇವೆ.

2011ರಲ್ಲಿ ತಂಡ ಒಡೆಯಿತೆಂಬ ಪ್ರಕಟನೆ ಬಂದಿತು. 2012ರಲ್ಲಿ ವಿದಾಯದ ಕಚೇರಿಗಳು ನಡೆದವು. ಗ್ರೀನ್ ಅವರು 2005ರಿಂದಲೇ ಸಿಟಿ ಅಂಡ್ ಕಲರ್ ಎಂಬ ಹೆಸರಿನಲ್ಲಿ ಬೇರೆಯಾಗಿ ಹಾಡುತ್ತಿದ್ದರು. ಆ ಹೆಸರು ಅವರ ಹೆಸರಿನದೇ ಅನುವಾದ: ಡಾಲಸ್ ಎಂಬುದು ಒಂದು ನಗರ, ಗ್ರೀನ್ ಎಂಬುದು ಒಂದು ಬಣ್ಣ. ಪೆಟಿಟ್ ಅವರು ಮುಂದೆ ಡೆಡ್ ಟೈರ್ಡ್ ಎಂಬ ಹಾರ್ಡ್‌ಕೋರ್ ತಂಡದಲ್ಲಿ ಕೂಗಿದರು. ವಿಮರ್ಶಕನಿಗೆ ಇದು ತಾನಾಗಿ ಒದಗಿದ ಪ್ರಯೋಗವಿದ್ದಂತೆ. ಒಂದು ಕಡೆ ಚೀತ್ಕಾರವಿಲ್ಲದ ಗಾನ. ಇನ್ನೊಂದು ಕಡೆ ಗಾನವಿಲ್ಲದ ಚೀತ್ಕಾರ. ಸಿಟಿ ಅಂಡ್ ಕಲರ್ ಹಾಡುಗಳು ಸುಂದರವಾಗಿವೆ, ಬಹುಮಂದಿ ಕೇಳುಗರನ್ನು ಪಡೆದಿವೆ. ಆದರೆ ಅವುಗಳಲ್ಲಿ ನೋವು ಆಗಲೇ ಶ್ಲೋಕವಾಗಿಬಿಟ್ಟಿದೆ. ಅದರ ಪೂರ್ವಸ್ಥಿತಿಯನ್ನು ನಾವು ಊಹಿಸಿಕೊಳ್ಳಬೇಕು. ಡೆಡ್ ಟೈರ್ಡ್ ತಂಡದಲ್ಲಿ ಕೂಗು ಕೂಗಾಗಿಯೇ ಇದೆ. ಅದನ್ನು ಕೇಳಿಸಿಕೊಳ್ಳುವ ಇನ್ನೊಂದು ದನಿ ಇಲ್ಲ. ಎರಡನ್ನೂ ಕೇಳಿದ ಮೇಲೆ ಮೊದಲ ಧ್ವನಿಮುದ್ರಿಕೆಗೆ ಮರಳಿದರೆ, ಅಲ್ಲಿ ಇಬ್ಬರು ಒಬ್ಬರಿಗೊಬ್ಬರು ಎಷ್ಟರಮಟ್ಟಿಗೆ ಅವಶ್ಯವಾಗಿದ್ದರೆಂಬುದು ಮನವರಿಕೆಯಾಗುತ್ತದೆ. 2015ರಲ್ಲಿ ತಂಡ ಮತ್ತೆ ಕೂಡಿತು. 2009ರ ಆಲ್ಬಮಿನ ಬಳಿಕ 13 ವರ್ಷ ಕಳೆದು, 2022ರಲ್ಲಿ ‘ಅದರ್‌ನೆಸ್’ ಎಂಬ ಹೊಸ ಆಲ್ಬಮನ್ನೂ ಹೊರತಂದಿತು. ಅಲ್ಲಿಯ ಕಂಠಗಳು ನಡುವಯಸ್ಸಿನವು. ಅವುಗಳ ವಿಚಾರಕ್ಕೆ ಬೇರೆ ಲೇಖನವೇ ಬೇಕಾದೀತು.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಮರಳಿ ಈ ಬರಹವನ್ನು ಮುಗಿಸುತ್ತೇವೆ. ಶೋಕವು ಶ್ಲೋಕವಾಗುವುದು ಕಲೆಯ ಒಂದು ದಾರಿ, ಹಿರಿದಾದ ದಾರಿ. ಆದರೆ ಶ್ಲೋಕವಾದ ಮಾತ್ರಕ್ಕೆ ಹಕ್ಕಿಯ ಅಳಲು ತೀರಲಿಲ್ಲವೆಂಬ ಸತ್ಯವನ್ನು ಉಳಿಸಿಕೊಳ್ಳುವ ಕಲೆಯೂ ಇರಬೇಕು. ಅಪಕ್ವವಾದ, ಅಲ್ಲಲ್ಲಿ ಚಪಲವಾದ, ಹೆಣ್ಣಿನ ವಿಷಯದಲ್ಲಿ ಕುರುಡಾದ ಈ ಧ್ವನಿಮುದ್ರಿಕೆ ತನ್ನ ಒಳ್ಳೆಯ ಕ್ಷಣಗಳಲ್ಲಿ ಅದನ್ನು ಸಾಧಿಸಿದೆ. ಅಧ್ಯಾಪಕರು ಇದನ್ನು ಒಮ್ಮೆ ಪೂರ್ತಿಯಾಗಿ ಕೇಳಿ ಆಮೇಲೆ ಬೇಕಾದರೆ ನಿರಾಕರಿಸಲಿ. ವಿದ್ಯಾರ್ಥಿಗಳು ತಮಗೆ ತಾಕಿದುದು ಏನು, ತಾಕಬಾರದೆ ತಾಕಿದುದು ಏನು ಎಂಬುದನ್ನು ಬಿಡಿಸಿ ನೋಡಲಿ. ಇಷ್ಟಾದರೆ ಈ ಲೇಖನದ ಶ್ರಮ ಸಾರ್ಥಕವೆಂದು ತಿಳಿಯುತ್ತೇವೆ.